ನಾ ಹಾಸಿದ ನೆಲಾ ಏಳೂದಿಲ್ಲ

ಒಂದ ಮನಿ ನೆಲಾ ಸರಿ ಮಾಡಿ ಹೊರಗ ಬರೂದ್ರಾಗ ಇನ್ನೊಂದ ಮನಿ ನೆಲಾ ಎದ್ದ ಕುಂತಿರ್ತೈತಿ. ನಾ ಬೆಳಗಾವಿ ಬಡಿಗ್ಯಾ. ಸಾಲಿ ಕಲ್ತಿಲ್ಲ, ಆದ್ರ ಸಾಲಿ ಬಾಗಲಾ ಕೂಡಿಸೇನಿ. ಈಗ ಮಂದಿಗೆ ಲ್ಯಾಮಿನೇಟ್ ನೆಲದ ಹುಚ್ಚ ಹಿಡದೈತಿ. ಕಟಗಿ ಹಂಗ ಕಾಣೂ ತೆಳ್ಳನ ಹಲಿಗಿ, ಒಂದಕ್ಕೊಂದ ಟಕ್ ಅಂತ ಸಿಗಸೂದು, ಮೊಳಿ ಬ್ಯಾಡ, ಅಂಟ ಬ್ಯಾಡ. ಇದೇನ ಮಹಾ ಕೆಲಸ ಅಂತ ತಾವ ಹಾಸ್ಕೋತಾರ, ಕೆಟ್ಟ ಮ್ಯಾಲ ನನ್ನ ಕರೀತಾರ. ನಾ ಕಟಗಿ ಹೆರಿಯೂ ರಂದಾ ಹಿಡದ ಬಾಗಲದಾಗ ನಿಂತ್ರ ಸಾಕು, ಅರ್ಧಾ ಹಲಿಗಿ ಅಂಜಿ ತಾವ ಸಪಾಟ ಆಗ್ತಾವ.

ಇಂಥಾ ನನ್ನ ಮನ್ಯಾಗ ಮಾತ್ರ ಹಳೇ ಶಹಾಬಾದಿ ಕಲ್ಲಿನ ಫರಸಿ. ಹೆಂಡ್ತಿ ಒಪ್ಪವಲ್ಲಳು. "ಸೋಮವಾರಕ್ಕೊಮ್ಮೆ ಕೊಡಾ ನೀರ ಚೆಲ್ಲಿ ತೊಳ್ಯಾಕ ಬರಲಾರದ್ದು ಅದೆಂಥಾ ನೆಲಾರೀ?" ಅಂತಾಳ. ಕಡೀಕ ಒಂದ ಕರಾರ ಹಾಕಿದ್ಲು: "ಖಾನಾಪುರದಾಗ ನನ್ನ ತಂಗಿ ಅದಾಳ. ಅಲ್ಲಿ ಮಳಿ ನಿಮಗ ಗೊತ್ತೈತಿ, ಆಕಿ ಕೈಯಾಗಿನ ಕೊಡಾನೂ ಗೊತ್ತೈತಿ. ಆಕಿ ಮನ್ಯಾಗ ಹಾಸ್ರಿ. ಒಂದ ಮಳಿಗಾಲ ತಡದ್ರ ನಮ್ಮ ಮನ್ಯಾಗೂ ಹಾಸೂಣು. ಎದ್ದರ, ಮತ್ತ ಈ ಮಾತ ತಗೀಬ್ಯಾಡ್ರಿ."

ನಾ ಮೀಸಿ ಮ್ಯಾಲ ಕೈ ಇಟ್ಟ ಹೂಂ ಅಂದೆ. ಮಂದಿ ತಪ್ಪ ತಿದ್ದಿ ತಿದ್ದಿ ಕಲ್ತದ್ದನ್ನೆಲ್ಲಾ ಖಾನಾಪುರಕ್ಕ ಒಯ್ಯೂದ ಅಂತ ಹಟಾ ಹಿಡದೆ.

ಸಾವಕಾರರ ಮನಿ ಹುತ್ತ

ರವಿವಾರ ಪೇಟ್ಯಾಗ ಒಬ್ಬ ಬೆಲ್ಲದ ಸಾವಕಾರ. ಹಲಿಗಿ ಹಾಸೂಮುಂದ ಗ್ವಾಡಿ ಬಾಜು ಬಟ್ಟಿನಷ್ಟ ಸಂದಿ ಬಿಡಬೇಕು, ಬ್ಯಾಸಗ್ಯಾಗ ಹಲಿಗಿ ಹಿಗ್ಗತಾವ. ಸಾವಕಾರ ಬಿಡಲಿಲ್ಲ. "ಸಂದಿ ಬಿಟ್ರ ಇರವಿ ಬರ್ತಾವ" ಅಂತ ನಾಕೂ ಕಡಿ ಗ್ವಾಡಿಗೆ ಗಚ್ಚ ಕೂಡಿಸಿ ಬ್ಯಾರೇದವರ ಕಡಿಂದ ಹಾಸಿಸಿದ. ಬಿಸಲ ಬಿತ್ತು, ಹಿಗ್ಗಾಕ ಜಾಗಾ ಇಲ್ಲ, ನಟ್ಟನಡು ಪಡಸಾಲ್ಯಾಗ ನೆಲಾ ಎಮ್ಮಿ ಬೆನ್ನಿನಂಗ ಎದ್ದ ನಿಂತ್ತು.

ಅಷ್ಟ ಆಗಿದ್ರ ಸಸಾರ ಇತ್ತು. ಸಾವಕಾರನ ಅವ್ವ, ಮುದಕಿ, ಅದನ್ನ ನೋಡಿ ಹುತ್ತ ಅಂತ ತಿಳಕೊಂಡ್ಲು. ಅರಿಷಿಣ ಕುಂಕಮ ಹಚ್ಚಿದ್ಲು, ದಿನಾ ಹಾಲ ಎರ್ಯಾಕ ಸುರು ಮಾಡಿದ್ಲು. ಹಾಲ ಕುಡದ ಹಲಿಗಿ ಇನ್ನಷ್ಟ ಉಬ್ಬಿತು. "ನಾಗಪ್ಪ ಬೆಳ್ಯಾಕತ್ಯಾನ" ಅಂತ ಮುದಕಿ ಓಣಿಗೆಲ್ಲಾ ಹೇಳಿದ್ಲು. ನಾ ಹೋಗೂದ್ರಾಗ ಬಾಗಲದಾಗ ಹೆಂಗಸರ ಪಾಳಿ, ಎಲ್ಲಾರ ಕೈಯಾಗ ಹಾಲಿನ ತಂಬಗಿ. ಸಾವಕಾರ ನನ್ನ ಕೈ ಹಿಡಕೊಂಡ, "ಕಾಕಾ, ಹೆಂಗರ ಮಾಡಿ ಅವ್ವಗ ತಿಳೀಲಾರದಂಗ ಇಳಸ್ರಿ."

ಮುದಕಿನ್ನ ಗುಡಿಗೆ ಕಳಸಿ, ನಾಕೂ ಕಡಿ ಬಟ್ಟಿನಷ್ಟ ಕೊರದ ತಗದೆ. ಹಾಲ ಕುಡದ ಹಲಿಗಿ ಬದಲಿ ಮಾಡಿದೆ. ನೆಲಾ ಹುಸ್ ಅಂತ ಉಸರ ಬಿಟ್ಟ ಮಲಗಿತು. ಆ ಗಾಳಿಗೆ ಸಾವಕಾರನ ಟೊಪಗಿ ಹಾರಿ ಓಣ್ಯಾಗ ಬಿತ್ತು, ಖರೇ ಹೇಳತೀನಿ.

ಮುದಕಿ ಬಂದ್ಲು. "ನನ್ನ ನಾಗಪ್ಪ ಎಲ್ಲಿ?"

"ಆಯೀ, ಗ್ವಾಡಿ ಬಾಜು ಹಾದಿ ಮಾಡಿ ಕೊಟ್ಟೇನ್ರಿ, ಅದರಾಗ ಹೋದ. ಆದ್ರ ಹೊಳ್ಳಿ ಬರಾಕ ಹಾದಿ ತಗದ ಇರಬೇಕಂತ."

ಈಗ ಸಾವಕಾರ ಸಂದಿ ಕಡೆ ಬಟ್ಟ ಸೈತ ಮಾಡೂದಿಲ್ಲ. ಇರವಿ ಬಂದ್ರ ಮುದಕಿ ಅವಕ್ಕೂ ಸಕ್ರಿ ಹಾಕತಾಳ.

ಭಜನಿ ರೊಟ್ಟಿ

ಕಾಕತಿ ಊರಾಗ ಹೊಲದಾಂವ ಒಬ್ಬ ತಗ್ಗ ದಿನ್ನಿ ನೆಲದ ಮ್ಯಾಲ ಹಲಿಗಿ ಹಾಸಿದ್ದ. ತಗ್ಗ ತುಂಬಸೂದ ಬಿಟ್ಟ, ಮೆತ್ತಗ ಇರಲಿ ಅಂತ ಹಲಿಗಿ ಬುಡಕಿನ ಫೋಮ್ ಮೂರ ಪದರ ಹಾಸಿದ್ದ. ಬುಡಕ ಪೊಳ್ಳ, ಮ್ಯಾಲ ಹಲಿಗಿ. ಅಂದ್ರ ಅದ ನೆಲಾ ಅಲ್ಲ, ಡೊಳ್ಳ.

ಅವನ ಹೆಂಡ್ತಿ ಅದರ ಮ್ಯಾಲ ಕುಂತ ಜ್ವಾಳದ ರೊಟ್ಟಿ ಬಡ್ಯಾಕ ಸುರು ಮಾಡಿದ್ಲು. ಡಬ್ ಡಬ್ ಡಬ್. ಬಾಜು ಮನಿ ಮುದಕ ಭಜನಿ ಸುರು ಆತು ಅಂತ ತಾಳ ಹಿಡಕೊಂಡ ಬಂದ ಕುಂತಾ. ಆಕಿ ರೊಟ್ಟಿ ಬಡದಂಗ ಇಂವ ತಾಳ ಹಾಕತಿದ್ದ. ಆಕಿಗೂ ನಡಿ ಸಿಕ್ತು. ಮನಿ ಮಂದಿಗೆ ಬೇಕಾದಕ್ಕಿಂತ ದುಪ್ಪಟ್ಟ ರೊಟ್ಟಿ ಆಗಾಕತ್ತುವು.

ನಾ ಹೋಗಿ ಹಲಿಗಿ ಎಲ್ಲಾ ಬಿಚ್ಚಿದೆ. ದಿನ್ನಿ ಕೆತ್ತಿದೆ, ತಗ್ಗಿನ್ಯಾಗ ಸಿಮೆಂಟ್ ತುಂಬಿಸಿದೆ, ಪೂರಾ ಒಣಗೂ ತನಕಾ ಯಾರನ್ನೂ ಒಳಗ ಬಿಡಲಿಲ್ಲ. ಆಮ್ಯಾಲ ಒಂದ ಪದರ ಫೋಮ್ ಹಾಕಿ ಹಾಸಿದೆ. ನನ್ನ ಮಟ್ಟಾ ಹೆಂಗಂದ್ರ, ಅದರ ಮ್ಯಾಲ ಗೋಲಿ ಇಟ್ರ ಎತ್ತಾಗ ಹೋಗ್ಲಿ ಅಂತ ಗೋಲಿನ ಕೇಳತೈತಿ.

ಸಪ್ಪಳ ನಿಂತ್ತು. ಹೊಲದಾಂವ ಖುಷಿ. ಮರದಿನಾ ಮುದಕ ರೊಟ್ಟಿ ಹೊತ್ತಿಗೆ ಸರೀ ತಾಳ ತಗೊಂಡ ಬಂದ.

"ಮುತ್ಯಾ, ಸಪ್ಪಳ ಇಲ್ಲಲ್ಲ?" ಅಂತ ಹೊಲದಾಂವ ಕೇಳಿದ.

"ಇರಲಿ ಬಿಡಪಾ, ರೊಟ್ಟಿ ವಾಸನಿ ಐತಲ್ಲ."

ಒಳಗ ಉಳದ ಬೀಗರು

ಕೋಟೆ ಬಾಜು ಒಬ್ಬ ಕಂಡಕ್ಟರನ ಮನಿ. ಮಗಳನ್ನ ನೋಡಾಕ ಗಂಡಿನ ಕಡ್ಯಾವ್ರ ಬರ್ತಾರ ಅಂತ ತಾನ ಕೋಲಿ ಬಾಗಲಾ ಹಾಕ್ಕೊಂಡ ಒಳಗ ಹಲಿಗಿ ಹಾಸಿದ. ಹೊಸಾ ನೆಲಾ ಎತ್ತರ ಆಕ್ಕೈತಿ, ಬಾಗಲದ ತಳಾ ಮೊದಲ ಕೊರೀಬೇಕು ಅನ್ನೂದ ಅವಗ ಗೊತ್ತಿದ್ದಿಲ್ಲ. ಕೆಲಸ ಮುಗಿಸಿ ಬಾಗಲಾ ಜಗ್ಗಿದ್ರ ಬರವಲ್ತು. ತಳಕ ಹಲಿಗಿ ಅಡ್ಡ. ಇಂವ ಒಳಗ, ಬೀಗರ ಹೊರಗ.

ಪಾಪ, ಕಿಡಕ್ಯಾಗ ಮಾರಿ ಇಟ್ಟ "ಬರ್ರಿ, ಕುಂದರ್ರಿ" ಅಂತ ಉಪಚಾರ ಮಾಡಾಕತ್ತಿದ್ದ. ನಾ ಹೋಗಿ ಕಿಡಕ್ಯಾಗಿಂದ ಸ್ಕ್ರೂಡ್ರೈವರ್ ಕೊಟ್ಟೆ. "ಬಿಜಾಗರಿ ಬಿಚ್ಚೋ ತಮ್ಮಾ!" ಅವ ಒಳಗಿಂದ ಬಿಚ್ಚಿದ, ಬಾಗಲಾ ಕೈಗೆ ಬಂತು. ತಳಾ ರಂದಾ ಹೊಡ್ಯಾಕ ಹಿಡಕೊಳ್ಳಾವ್ರ ಬೇಕಲ್ಲ? ವರನ ಅಪ್ಪನ ಕೈಯಾಗ ಕೊಟ್ಟೆ. ರೇಶ್ಮಿ ರುಮಾಲಿನ ತುಂಬ ಕಟಗಿ ಹೊಟ್ಟ ತುಂಬಿದ್ರೂ ಮನಶ್ಯಾ ಕೈ ಬಿಡಲಿಲ್ಲ.

ಹೋಗೂಮುಂದ ಬೀಗರ ಅಂದ್ರು: "ಹುಡಗಿ ಪಸಂದ. ಆದ್ರ ಮದವಿ ದಿನಾ ಹುಡಗಿ ಅಪ್ಪನ್ನ ಮೊದಲ ಹೊರಗ ನಿಂದರಸ್ರಿ."

ಖಾನಾಪುರದ ಪರೀಕ್ಷಾ

ಇಷ್ಟೆಲ್ಲಾ ತಲ್ಯಾಗ ಇಟ್ಕೊಂಡ ನಾದಿನಿ ಮನ್ಯಾಗ ಇಳದೆ. ಹಲಿಗಿ ಪೆಟಿಗಿ ತಂದ ಕೂಡ್ಲೆ ಬಿಚ್ಚಲಿಲ್ಲ, ಹಾಸೂ ಕೋಲಿ ಹವಾಕ್ಕ ಹೊಂದಲಿ ಅಂತ ಹಂಗ ಇಟ್ಟೆ. ನೆಲಾ ಸಪಾಟ ಮಾಡಿದೆ. ಕೆಳಗಿನ ಹಸಿ ಏರಬಾರದಂತ ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲ ಒಂದ ಫೋಮ್. ಗ್ವಾಡಿ ಬಾಜು ಸಂದಿ. ಬಾಗಲಾ ಕೊರದೆ. ಮುಗಿಸಿ, ಹುಲಿ ಹಂಗ ನಿಂತ ನಾದಿನಿಗೆ ಹುಕುಂ ಮಾಡಿದೆ:

"ಕೊಡಾ ನೀರ ಚೆಲ್ಲಬಾರದು. ಹಸಿ ಕಾಲ ಇಡಬಾರದು. ಭಾರ ಜಗ್ಗಬಾರದು. ಕೆಸರ ಮೆಟ್ಟಬಾರದು. ತಿಳೀತಿಲ್ಲೋ?"

"ಹೂಂ ದಾಜಿ" ಅಂದ್ಲು. ಅಕ್ಕನ ಗಂಡಗ ಅಲ್ಲಿ ಹಂಗ ಕರೀತಾರ.

ಆ ವರ್ಷ ಖಾನಾಪುರದಾಗ ಎಂಥಾ ಮಳಿ ಅಂದ್ರ, ಮೀನ ಬಂದ ಬಾಗಲಾ ಬಡದ ಒಳಗ ಬರಲೇನ ಅಂತ ಕೇಳತಿದ್ವು. ನನಗ ಇಲ್ಲೆ ಊಟಾ ರುಚಿ ಹತ್ತವಲ್ತು. ಹೆಂಡ್ತಿ ಮಾತ್ರ ಹಪ್ಪಳಾ ಕರೀತಾ ಕೇಳತಿದ್ಲು: "ಉಬ್ಬಿತೇನ್ರೀ?"

ಮಳಿ ನಿಂತ್ತು. ಇಬ್ಬರೂ ಹೋದ್ವಿ. ಕೋಲಿಗೆ ಕೀಲಿ. ನಾದಿನಿ ಸೊಂಟದಾಗಿನ ಕೀಲಿ ತಗದ, ನಮ್ಮ ಕಾಲ ಒರಸಿಸಿ ಬಾಗಲಾ ತಗದ್ಲು. ನೆಲಾ ಕನ್ನಡಿ! ಒಂದ ಹಲಿಗಿ ಎದ್ದಿಲ್ಲ, ಒಂದ ಜೋಡ ಬಿಟ್ಟಿಲ್ಲ. ಎದಿ ಉಬ್ಬಿ ನನ್ನ ಅಂಗಿ ಗುಂಡಿ ಹರೀತು.

"ನೋಡಲೇ! ಇಡೀ ಮಳಿಗಾಲ! ನಿನ್ನ ತಂಗಿ ಕೊಡಾ! ಏನಾತು?"

ಹೆಂಡ್ತಿ ಬಗ್ಗಿ ಕೈ ಆಡಿಸಿದ್ಲು. ಆಮ್ಯಾಲ ತಂಗಿನ್ನ ಕೇಳಿದ್ಲು, "ಹೆಂಗ ಕಾಯ್ದಿ?"

"ಕಾಯೂದೇನಕ್ಕಾ? ದಾಜಿ ಹೇಳಿದಂಗ ನೀರಿಲ್ಲ, ಕೆಸರಿಲ್ಲ, ಹಸಿ ಕಾಲಿಲ್ಲ. ಖಾನಾಪುರದಾಗ ಒಣಾ ಕಾಲ ಯಾರವ ಅದಾವ? ಅದಕ್ಕ ಅವತ್ತ ಕೀಲಿ ಹಾಕಿದಾಕಿ ಇವತ್ತ ತಗದೀನಿ. ನಾವೆಲ್ಲಾ ಅಡಗಿ ಮನ್ಯಾಗ ಮಲಗತೀವಿ."

ಆದ್ರ ಹೆಂಡ್ತಿ ಮಾತ ತಪ್ಪಾಕಿ ಅಲ್ಲ. "ಮಳಿಗಾಲ ತಡದೈತಿ. ಹಾಸ್ರಿ ನಮ್ಮ ಮನ್ಯಾಗೂ" ಅಂದ್ಲು.

ಹಾಸಿದೆನ್ರೀ! ಜನ್ಮದಾಗ ಅಂಥಾ ನೆಲಾ ಹಾಸಿಲ್ಲ. ಕಡೀ ಹಲಿಗಿ ಟಕ್ ಅನಿಸಿ, ಕೈ ಕಾಲ ತೊಳ್ಕೊಂಡ ಬರೂಣು ಅಂತ ಹಿತ್ತಲಕ್ಕ ಹೋದೆ. ಹೊಳ್ಳಿ ಬರೂದ್ರಾಗ ಕೋಲಿ ಬಾಗಲಕ್ಕ ಕೀಲಿ. ಕೀಲಿ ಹೆಂಡ್ತಿ ಸೊಂಟದಾಗ. ನನ್ನ ಹಾಸಿಗಿ ಹೊರಗ ಕಟ್ಟಿ ಮ್ಯಾಲ.

"ಲೇ, ಇದೇನಲೇ?"

"ನಿಮ್ಮ ಕಾಲ ಹಸೀ ಅದಾವರೀ."

ಈಗ ನಮ್ಮ ಮನಿ ನೆಲಾ ನೋಡಾಕ ಕಾಕತಿಯಿಂದ, ಖಾನಾಪುರದಿಂದ ಮಂದಿ ಬರ್ತಾರ. ಕಟ್ಟಿ ಮ್ಯಾಲ ಕುಂದರಿಸಿ, ಚಾ ಕುಡಿಸಿ, ಕಿಡಕ್ಯಾಗಿಂದ ತೋರಸ್ತೀನಿ. "ನೋಡ್ರಿ, ಒಂದ ಹಲಿಗಿ ಎದ್ದಿಲ್ಲ!" ಅಂತೀನಿ. ಅವ್ರೂ ಭೇಷ್ ಅಂತಾರ. ಮೊನ್ನೆ ಒಬ್ಬ ಮಾತ್ರ, "ಕಾಕಾ, ಅದರ ಮ್ಯಾಲ ನಡದ್ರ ಹೆಂಗ ಅನಸತೈತ್ರಿ?" ಅಂತ ಕೇಳಿದ. ಅವಗ ಚಾ ಕೊಡಲಿಲ್ಲ.