ಒಬ್ಬಳೇ ಹೋಗುವ ಪ್ರವಾಸದಿಂದ ಉಳಿದವರನ್ನು ಇಳಿಸುವ ಕುರಿತು

ಇಂದ:
ಹಿರಿಯ ಬೋಧಕಿ, ತಮ್ಮ ಡ್ರೈವಿಂಗ್ ಸ್ಕೂಲು
(ಮನೆಯಲ್ಲಿ: ತಮ್ಮ ನಾದಿನಿ)

ಗೆ:
ಮಾಲೀಕರು, ಸದರಿ ಡ್ರೈವಿಂಗ್ ಸ್ಕೂಲು
(ಮನೆಯಲ್ಲಿ: ಭಾವ)

ವಿಷಯ: ನಾನು ಒಬ್ಬಳೇ ಹೋಗಲಿರುವ ಪ್ರವಾಸದಿಂದ ಮಿಕ್ಕ ಪ್ರಯಾಣಿಕರೆಲ್ಲರನ್ನೂ ಕೈಬಿಟ್ಟು, ರಜೆಯನ್ನೂ ಹಳೆಯ ತರಬೇತಿ ಕಾರನ್ನೂ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ೧. ಊಟದ ಮೇಜಿನಲ್ಲಿ ತಾವು ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ: "ನೋಡೋಣ."
೨. ಮರುದಿನ ಹಲ್ಲುಜ್ಜುತ್ತಾ ಹೊರಡಿಸಿದ ತಿದ್ದುಪಡಿ ಆದೇಶ: "ನೋಡೋಣ ಅಂದೆನಲ್ಲ."

ಮಾನ್ಯ ಮಾಲೀಕರೂ ಪ್ರೀತಿಯ ಭಾವನವರೂ ಆದ ತಮ್ಮಲ್ಲಿ,

೧. ನಾನು ಪಕ್ಕದ ಸೀಟಿನಲ್ಲಿ ಕೂತು, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, ಈ ಊರಿನ ಅರ್ಧಕ್ಕರ್ಧ ಜನರಿಗೆ ಕಾರು ಕಲಿಸಿರುವುದು ತಮಗೆ ತಿಳಿದ ವಿಷಯ. ನಮ್ಮ ದಾರಿ ಯಾವತ್ತೂ ಒಂದೇ. ಆಸ್ಪತ್ರೆ ವೃತ್ತ, ಅಲ್ಲಿಂದ ಪೆಟ್ರೋಲ್ ಬಂಕು, ಬಂಕಿನ ಹತ್ತಿರ ಬಲಕ್ಕೆ ತಿರುಗಿ ಏರು ಹತ್ತಿ ವಾಪಸ್ಸು. ನೇರಕ್ಕೆ ಹೋಗುವ ರಸ್ತೆ ಊರಾಚೆ ಹೋಗುತ್ತದೆಂದು ಕೇಳಿ ಬಲ್ಲೆ.

೨. ಹೀಗಿರಲಾಗಿ, ಏರಿನಲ್ಲಿ ತಿಂಗಳುಗಟ್ಟಲೆ ಕಾರು ಹಿಂದಕ್ಕೆ ಜಾರಿಸುತ್ತಿದ್ದ ನಮ್ಮ ನಿವೃತ್ತ ನರ್ಸಮ್ಮನವರು ಲೈಸೆನ್ಸು ಸಿಕ್ಕ ಮೇಲೆ ಒಂದು ಫೋಟೊ ಕಳಿಸಿದರು. ಯಾವುದೋ ಹಳೇ ಕಲ್ಲಿನ ಸೇತುವೆ, ಅದರ ಮೇಲೆ ಅವರು, ಗಾಳಿಗೆ ಎದ್ದು ನಿಂತ ಕೂದಲು. ಕೆಳಗೆ ಬರೆದಿದ್ದರು: "ಮೇಡಂ, ಬಂಕಿನ ಹತ್ರ ತಿರುಗಲಿಲ್ಲ, ನೇರ ಬಂದ್ಬಿಟ್ಟೆ!" ಆ ಫೋಟೊ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ಬೇಜಾರಿನಿಂದಲ್ಲ, ತಟ್ಟೆ ಪಕ್ಕಕ್ಕೆ ಸರಿಸಿ ಆ ಸೇತುವೆಯನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ.

೩. ಆದ್ದರಿಂದ ಮಂಚದ ಮೇಲೆ ನಕ್ಷೆ ಹರಡಿದೆ. ಮೊದಲು ಕೋಟೆಗೋಡೆಯ ಊರು. ಆಮೇಲೆ ಹೊಳೆಯಂಚಿನ ಹಳೇ ರಾಜಧಾನಿ, ಅಲ್ಲಿ ಗಡಿಯಾರದ ಗೋಪುರ ಇದೆಯಂತೆ. ಅದಾದ ಮೇಲೆ ಊರೇ ಇಲ್ಲ, ಬರೀ ಹುಲ್ಲುಗಾವಲು, ಬೆಟ್ಟ, ಹಕ್ಕಿಗಳು ಬಂದಿಳಿಯುವ ಜೌಗು. ನಕ್ಷೆಯಲ್ಲಿ ಆ ಜಾಗ ಖಾಲಿ ಹಸಿರು, ಒಂದಕ್ಷರವೂ ಇಲ್ಲ. ಅದನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ಆದ ಕಾರಣ ದುರ್ಬೀನನ್ನೂ ಖರೀದಿಸಲಾಯಿತು. ಅಭ್ಯಾಸಕ್ಕೆಂದು ಎದುರುಮನೆಯ ಬಟ್ಟೆ ಹಗ್ಗದ ಮೇಲೆ ಕೂತ ಕಾಗೆಯನ್ನು ಎವೆಯಿಕ್ಕದೆ ನೋಡಿದೆ. ಕಾಗೆಗೇ ನಾಚಿಕೆಯಾಗಿ ಆ ಕಡೆ ತಿರುಗಿ ಕೂತಿತು.

೪. ಇನ್ನು ಊಟದ ಮೇಜಿನ ನಡಾವಳಿ. ತಾವೂ ಹಾಜರಿದ್ದಿರಿ, ಆದರೂ ಕಡತಕ್ಕಿರಲಿ ಎಂದು ನಮೂದಿಸುತ್ತಿದ್ದೇನೆ.

"ಒಬ್ಬಳೇನಾ?" ಅಂದಳು ಅಕ್ಕ.

"ಒಬ್ಬಳೇ."

"ಜೊತೆಗೆ ಯಾರು?"

"ಒಬ್ಬಳೇ ಅಂದೆನಲ್ಲಕ್ಕ."

"ಅದು ಗೊತ್ತಾಯ್ತು ಕಣೇ. ಜೊತೆಗೆ ಯಾರು ಅಂತ ಕೇಳ್ತಿರೋದು."

ಮರುಕ್ಷಣ ಅಕ್ಕನೇ ಸೇರಿಕೊಂಡಳು: "ನಾನು ಬರ್ತೀನಿ ಬಿಡು. ನೀನು ಒಬ್ಬಳೇ ಹೋಗೋದಕ್ಕೆ ನಂದೇನೂ ಅಡ್ಡಿ ಇಲ್ಲ." ಅಕ್ಕ ಹೊರಟರೆ ಮನೆಯಲ್ಲಿ ತಾನೊಬ್ಬಳೇ ಗೋಡೆ ನೋಡುತ್ತಾ ಕೂರಬೇಕೇ ಎಂದು ಅಮ್ಮ ಸೇರಿಕೊಂಡಳು. "ನಿನಗೆ ದೂರ ಓಡಿಸಿ ಅಭ್ಯಾಸ ಇಲ್ಲಮ್ಮ, ನಾನೇ ಓಡಿಸ್ತೀನಿ" ಎಂದು ತಾವೂ ದಯಮಾಡಿದಿರಿ. ನನಗೆ ಹಿಂದಿನ ಸೀಟು, ಅದೂ ಅಮ್ಮನ ಚೀಲದ ಪಕ್ಕ, ನಿಗದಿಯಾಯಿತು.

೫. ಮೇಲ್ಕಂಡ ಸೇರ್ಪಡೆಗಳ ಕಾರಣ ಮಾರ್ಗದಲ್ಲೂ ಬದಲಾವಣೆಗಳಾದವು. ಕೋಟೆಗೆ ಮೆಟ್ಟಿಲಿದೆ, ತಮಗೆ ಮಂಡಿನೋವಿದೆ. ಆದ್ದರಿಂದ ಕೋಟೆ ರದ್ದು. ಜೌಗಿನಲ್ಲಿ ಸೊಳ್ಳೆಯೆಂದು ಅಮ್ಮ ಹಕ್ಕಿಗಳನ್ನು ರದ್ದು ಮಾಡಿದಳು. "ಹುಲ್ಲುಗಾವಲಲ್ಲಿ ನೋಡೋಕೇನಿದೆ? ಹುಲ್ಲು ತಾನೆ?" ಎಂದಳು ಅಕ್ಕ. ಹುಲ್ಲೂ ಹೋಯಿತು. ಹಳೇ ರಾಜಧಾನಿ ಮಾತ್ರ ಉಳಿದಿತ್ತು. ಅದರ ಬದಲು ಅರ್ಧ ದಾರಿಯಲ್ಲೇ ಇರುವ ಚಿಕ್ಕಪ್ಪನ ಮನೆ ಸಾಕು, ಅವನು ಹೊಸ ವಾಷಿಂಗ್ ಮೆಷಿನ್ ತಗೊಂಡಿದ್ದಾನೆ ಎಂದು ಸಭೆ ಒಮ್ಮತಕ್ಕೆ ಬಂತು. ಐತಿಹಾಸಿಕ ನಗರಗಳನ್ನೂ ಕಾಡುಮೇಡನ್ನೂ ನೋಡಹೊರಟವಳು ಒಂದು ವಾಷಿಂಗ್ ಮೆಷಿನ್ ನೋಡಿ ಬರುವುದೆಂದು ತೀರ್ಮಾನವಾಯಿತು.

೬. ಈಗ ತಾವು ಪದೇ ಪದೇ ವಿವರಣೆ ಕೇಳುತ್ತಿರುವ ಮಂಗಳವಾರದ ಘಟನೆ. ಅಂದು ಬೆಳಗಿನ ಪಾಠದ ಬ್ಯಾಂಕ್ ಗುಮಾಸ್ತರು ಜ್ವರವೆಂದು ಬರಲಿಲ್ಲ, ಮುಂದಿನ ಪಾಠಗಳೂ ಇರಲಿಲ್ಲ. ನಾನು ಪಕ್ಕದ ಸೀಟಿನಿಂದ ಇಳಿದು, ಕಾರನ್ನು ಒಂದು ಸುತ್ತು ಹಾಕಿ, ಸ್ಟಿಯರಿಂಗ್ ಮುಂದೆ ಕೂತೆ. ಬಂಕಿನ ಹತ್ತಿರ ಬಂದಾಗ "ಬಲಕ್ಕೆ ಇಂಡಿಕೇಟರ್ ಹಾಕಿ" ಎಂದು ಬಾಯಿ ತಾನಾಗಿ ಹೇಳಿತು. ಕೈ ಕೇಳಲಿಲ್ಲ.

ಭಾವ, ಆ ರಸ್ತೆ ನಿಜವಾಗಿಯೂ ಊರಾಚೆ ಹೋಗುತ್ತದೆ!

ಮನೆಗಳು ಮುಗಿದವು, ಬೇಲಿಗಳು ಮುಗಿದವು. ಜಿಂಕೆಯೊಂದು ರಸ್ತೆ ದಾಟಲು ನಿಂತಿತ್ತು. "ಪಾದಚಾರಿಗಳಿಗೆ ಮೊದಲ ಆದ್ಯತೆ" ಎಂದು ಗಟ್ಟಿಯಾಗಿ ಹೇಳಿ ಬ್ರೇಕ್ ಹಾಕಿದೆ. ಅದು ನನ್ನನ್ನೊಮ್ಮೆ ನೋಡಿ, ನಿಯಮ ಗೊತ್ತಿರುವಂತೆ ನಿಧಾನಕ್ಕೆ ದಾಟಿತು. ಹೀಗೇ ಹೋಗಿ ಹೋಗಿ ಕೋಟೆಗೋಡೆಯ ಊರೇ ಬಂದುಬಿಟ್ಟಿತು. ಹೆಬ್ಬಾಗಿಲು ಎಷ್ಟು ಕಿರಿದೆಂದರೆ ಕಾರಿನ ಎರಡೂ ಕನ್ನಡಿ ಮಡಚಬೇಕಾಯಿತು. ಒಳಗೆ ಪೊಲೀಸಿನವರು ಕೈ ಅಡ್ಡ ಹಿಡಿದರು. ಮುಂದೆ ಹಿಂದೆ ಕೆಂಪು ಎಲ್ ಬೋರ್ಡು, ಕಾರಿನೊಳಗೆ ಒಬ್ಬಳೇ ಹೆಂಗಸು.

"ಕಲಿಸೋರು ಎಲ್ರಮ್ಮಾ?"

"ನಾನೇ."

"ಹಾಗಾದ್ರೆ ಕಲಿಯೋರು?"

"ಅದೂ ನಾನೇ ಸಾರ್."

ನನ್ನ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ, "ಇದು ಕಾರು ಬರೋ ದಾರಿ ಅಲ್ಲ. ಬಾಗಿಲಿಂದ ರಿವರ್ಸ್ ತೆಗೀತೀರಾ, ಇಲ್ಲಾ ಯಾರನ್ನಾದ್ರೂ ಕರೀಲಾ?" ಅಂದರು. ಕಲ್ಲಿಗೆ ಒಂದು ಗೀರೂ ಬೀಳದಂತೆ ತೆಗೆದೆ. ಅವರು ಸೀಟಿ ಊದಿದರು. ದಂಡಕ್ಕೇನೋ ಎಂದುಕೊಂಡೆ. ಶಭಾಸ್‌ಗಂತೆ.

ಗೋಡೆ ಹತ್ತುವ ಮೆಟ್ಟಿಲನ್ನೂ ಅವರೇ ತೋರಿಸಿದರು. ಮೇಲೆ ಹತ್ತಿ, ಕಾಲು ಇಳಿಬಿಟ್ಟು ಕೂತೆ. ಈ ಕಡೆ ಹೆಂಚಿನ ಮಾಡುಗಳು, ಆ ಕಡೆ ಕಣ್ಣು ಸೋಲುವ ತನಕ ಹುಲ್ಲು. ಸುಮ್ಮಸುಮ್ಮನೆ ನಗು ಬಂತು. ತಡೆಯೋಣವೆಂದರೆ ಕಾಲಡಿ ಬ್ರೇಕಿರಲಿಲ್ಲ.

೭. ಸಂಜೆ ಮನೆಗೆ ಬಂದಾಗ ಅಕ್ಕ ಗೇಟಿನಲ್ಲೇ ಇದ್ದಳು. "ಎಲ್ಲಿಗೆ ಹೋಗಿದ್ಯೇ?"

"ನೇರಕ್ಕೆ."

ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಮೆಲ್ಲಗೆ ಕೇಳಿದಳು: "ಹೆದರಿಕೆ ಆಗ್ಲಿಲ್ವಾ?"

"ಆಯ್ತಕ್ಕ. ಚೆನ್ನಾಗಿತ್ತು."

ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ನನ್ನ ಹೆಸರು ತೆಗೆದುಬಿಡು. ನೀನು ಹೋಗಿ ಬಾ. ಬಂದ ಮೇಲೆ ನನಗೂ ಕಲಿಸು. ನಾನೂ ಒಬ್ಬಳೇ ಹೋಗ್ತೀನಿ."

ಊರಿಗೆಲ್ಲ ಕಾರು ಕಲಿಸುವ ಸ್ಕೂಲಿನ ಕ್ಯಾಶ್ ಕೌಂಟರಿನಲ್ಲಿ ಮದುವೆಯಾದಂದಿನಿಂದ ಕೂತಿರುವ ತಮ್ಮ ಹೆಂಡತಿಗೆ ಕಾರು ಬರುವುದಿಲ್ಲ. ಇದು ನಮ್ಮಿಬ್ಬರಿಗೂ, ಭಾವ, ಹೊಳೆದೇ ಇರಲಿಲ್ಲ. ನನಗೆ ತಟ್ಟನೆ ಕಣ್ಣು ತುಂಬಿತು. ಅವಳು ಪಾತ್ರೆ ಬಟ್ಟೆಯಲ್ಲೇ ನನ್ನ ಮುಖ ಒರೆಸಿ, "ಅಳ್ಬೇಡ್ವೇ, ದಾರಿ ಕಾಣಲ್ಲ" ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಏನು ಗಲಾಟೆ ಎಂದು ತಾವು ಟಿವಿ ಮುಂದಿನಿಂದ ಕೂಗಿದ್ದು ಇದೇ ಸಂದರ್ಭದಲ್ಲಿ.

೮. ಅಕ್ಕ ಮನೆಯಲ್ಲೇ ಉಳಿಯುವುದರಿಂದ ಅಮ್ಮನೂ ಹಿಂದೆ ಸರಿದಿದ್ದಾಳೆ. ವಾಷಿಂಗ್ ಮೆಷಿನನ್ನು ಅವಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುವ ಜವಾಬ್ದಾರಿ ತಮ್ಮದು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಪ್ರವಾಸಿಗರ ಸಂಖ್ಯೆ ಮತ್ತೆ ಒಂದಕ್ಕೆ ಇಳಿದಿರುವುದನ್ನು ಮನಗಂಡು ರಜೆಯನ್ನೂ ಕಾರನ್ನೂ ಮಂಜೂರು ಮಾಡಬೇಕೆಂದು ಪ್ರಾರ್ಥನೆ.

ತಮ್ಮ ನಂಬಿಕೆಯ ನೌಕರಳೂ, ಬಿಟ್ಟರೂ ಬಿಡದ ಬಂಧುವೂ ಆದ
ನಾದಿನಿ

ಲಗತ್ತುಗಳು:
೧. ನಕ್ಷೆ (ರದ್ದಾದ ಊರುಗಳನ್ನೆಲ್ಲ ಮರಳಿ ಸೇರಿಸಲಾಗಿದೆ).
೨. ಅಕ್ಕನ ಕಲಿಕಾ ಲೈಸೆನ್ಸಿನ ಅರ್ಜಿ. ಗಂಡನ ಸಹಿಗೆ ಅದರಲ್ಲಿ ಜಾಗವಿಲ್ಲ. ಇಬ್ಬರೂ ಸೇರಿ ಹುಡುಕಿದೆವು.

ವಿಶೇಷ ಸೂಚನೆ: ಕಾರಿನ ಕೀಲಿ ತಮ್ಮ ಅಂಗಿಯ ಜೇಬಿನಲ್ಲಿದೆ. ತಾವು ಇದನ್ನು ಓದುತ್ತಿರುವಾಗ ಅಕ್ಕ ತಮ್ಮ ಕುರ್ಚಿಯ ಹಿಂದೆ ಕೈಚಾಚಿ ನಿಂತಿರುತ್ತಾಳೆ. ತಿರುಗಿ ನೋಡುವ ಅಗತ್ಯವಿಲ್ಲ, ಕೀಲಿಯನ್ನು ಹಾಗೇ ಭುಜದ ಮೇಲಿಂದ ದಾಟಿಸಬೇಕಾಗಿ ವಿನಂತಿ.