ಅಜ್ಜಿಯ ತಲೆಯಲ್ಲೊಂದು ತೂಬು

ನರ್ಸಾದವಳಿಗೆ ನಗು ಬರುವುದೆಲ್ಲ ನಗಬಾರದ ಹೊತ್ತಿನಲ್ಲೇ. ತಿ. ನರಸೀಪುರದಿಂದ ನಂಜನಗೂಡಿನ ನರ್ಸಿಂಗ್ ಹೋಮಿಗೆ ಬಸ್ಸಿನಲ್ಲಿ ಓಡಾಡಿದ ಅಷ್ಟೂ ವರ್ಷ, ಟ್ರೇ ಎತ್ತುವ ನೆಪದಲ್ಲಿ ಎಷ್ಟು ಸಲ ಮುಖ ತಿರುಗಿಸಿದ್ದೇನೋ! ಈ ಅಜ್ಜಿಯ ವಿಷಯದಲ್ಲಂತೂ ಮೂರು ಸಲ.

೧. ಕೆರೆ ತುಂಬಿದೆ

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಹೆಮ್ಮರಗಾಲದ ಕಡೆಯ ಅಜ್ಜಿಗೆ ಮೆದುಳಿನ ಕುಹರಗಳಲ್ಲಿ ನೀರು ತುಂಬಿ, ಕಾಲು ನೆಲಕ್ಕೆ ಅಂಟಿಕೊಂಡಂತಾಗಿತ್ತು. ಸ್ವಂತ ಮಗನನ್ನೇ "ಯಾರಪ್ಪ ನೀನು?" ಎನ್ನುತ್ತಿತ್ತು. ನೀರು ಹೊಟ್ಟೆಗೆ ಇಳಿಯಲೆಂದು ಮೈಸೂರಿನಲ್ಲಿ ಶಂಟ್ ಕೊಳವೆ ಹಾಕಿದ್ದರು. ಅದರ ವಾಲ್ವ್ ಕಿವಿಯ ಹಿಂದೆ. ಚರ್ಮದ ಮೇಲಿಂದಲೇ ಅಯಸ್ಕಾಂತ ಹಿಡಿದು ತಿರುಗಿಸಬಹುದು. ಅದರ ಒತ್ತಡದ ನಂಬರ್ ಇಳಿಸಿದರೆ ನೀರು ಹೆಚ್ಚು ಹರಿದು ಕುಹರ ಕುಗ್ಗುತ್ತದೆ, ಏರಿಸಿದರೆ ಹಿಗ್ಗುತ್ತದೆ.

ವಾರಕ್ಕೊಮ್ಮೆ ಬರುವ ಡಾಕ್ಟರು ಇದನ್ನು ವಿವರಿಸುವಷ್ಟರಲ್ಲಿ ಮಗ ಎದ್ದು ನಿಂತ. ಅವನು ಊರಿನ ನೀರುಗಂಟಿ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನು.

"ತೂಬು ಅನ್ನಿ ಸಾ! ಪೂರ್ತಿ ಎತ್ಬುಡಿ, ಸಂಜೆಗೆ ಖಾಲಿ ಆಯ್ತದೆ."

"ಒಂದೇ ಸಲ ಖಾಲಿ ಮಾಡಿದ್ರೆ ಒಳಗೆ ರಕ್ತ ಸೋರಬಹುದಪ್ಪ."

"ಔದೌದು, ಏರಿ ಕುಸೀತದೆ," ಎಂದು ಕೂತ. ಮೂರು ವರ್ಷ ನರ್ಸಿಂಗ್ ಓದಿದ ನನಗೆ ತಿಳಿಯದ್ದು ಅವನಿಗೆ ಮೂರು ನಿಮಿಷದಲ್ಲಿ ತಿಳಿದಿತ್ತು.

೨. ಬೇರೆ ನಾಲೆ

ನಂಬರ್ ಒಂದು ಮೆಟ್ಟಿಲು ಇಳಿಸಿ ಕಳಿಸಿದೆವು. ಮುಂದಿನ ವಾರ ಮಗ ಅಜ್ಜಿಯನ್ನು ಎತ್ತಿಕೊಂಡೇ ಬಂದ. ತುಟಿಯೆಲ್ಲ ಒಣಗಿ ತಲೆಸುತ್ತು. ತಲೆಯ ನೀರು ಅತಿಯಾಗಿ ಹರಿದುಹೋಯಿತೇನೋ ಎಂದುಕೊಂಡೆ. ನೋಡಿದರೆ ವಾಲ್ವ್ ಸರಿಯಾಗಿಯೇ ಇದೆ.

"ನೀರು ಕುಡಿಸ್ತಿದ್ದೀಯೇನಪ್ಪ?" ಎಂದರು ಡಾಕ್ಟರು.

"ಮೂರ್ ದಿನದಿಂದ ಒಂದೊಂದೇ ಲೋಟ ಸಾ. ತೂಬು ಎತ್ತಿದ್ ಮ್ಯಾಕೆ ಒಳಹರಿವೂ ತಡೀಬೇಕಲ್ವಾ?"

ಡಾಕ್ಟರು ತಲೆ ಚಚ್ಚಿಕೊಂಡರು. "ಕುಡಿಯೋ ನೀರು ಅಲ್ಲಿಗೆ ಹೋಗಲ್ಲ ಮಾರಾಯ, ಅದು ಬೇರೆ ನಾಲೆ!"

"ಮೊದ್ಲೇ ಏಳ್ಬಾರ್ದಾ ಸಾ? ನಕ್ಷೆ ಕೊಡ್ದೆ ನೀರು ಬುಡು ಅಂದ್ರೆ?"

೩. ಇಷ್ಟಕ್ಕೇ ಸಾಕು

ತಿಂಗಳ ಮೇಲೆ ಸ್ಕ್ಯಾನ್ ನೋಡಿದರೆ ಕುಹರ ಕೊಂಚ ಕಿರಿದಾಗಿತ್ತು. ಡಾಕ್ಟರು ಇನ್ನೊಂದು ಮೆಟ್ಟಿಲು ಇಳಿಸಿದರು. ಅದರ ಮುಂದಿನ ಸಲ ಅಜ್ಜಿ ಬಾಗಿಲು ದಾಟಿ ಬಂದದ್ದು ತನ್ನ ಕಾಲ ಮೇಲೇ! ಹಿಂದೆ ಕೈ ಚಾಚಿಕೊಂಡು ಮಗ. ನನ್ನ ಕಣ್ಣು ತುಂಬಿತು. ಆದರೂ ಮುಖ್ಯವಾದದ್ದನ್ನು ಕೇಳಲು ಹೆದರಿಕೆ.

"ಇವರು ಯಾರು ಅಜ್ಜಿ?"

ನೀರುಗಂಟಿ ಎದುರಿಗೆ ಬಂದು ನಿಂತ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿತು.

"ನನ್ ಮಗ ಕಣವ್ವ. ಮೂರ್ ದಿನ ನೀರ್ ಕೊಡ್ದೆ ಒಣಗಾಕಿದ್ನಲ್ಲ, ಅವ್ನೇ."

ಮಗ ಗೊಳೋ ಎಂದು ಅತ್ತ. ಅಜ್ಜಿ ಅಲ್ಲಿಗೇ ನಿಲ್ಲಿಸಲಿಲ್ಲ. "ಇಸ್ಕೂಲ್ ಬುಟ್ಟು ಕೆರೆಗೆ ಈಜಕ್ ಓಯ್ತಿದ್ದ ಕಣವ್ವ. ಆಮ್ಯಾಕೆ ಮೀಸೆ ಬಂದ್ ಕಾಲ್ದಲ್ಲಿ..."

ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವನು ಥಟ್ಟನೆ ಡಾಕ್ಟರ ಕಡೆ ತಿರುಗಿದ. "ಸಾ, ತೂಬು ಇಷ್ಟಕ್ಕೇ ನಿಲ್ಸಿ! ಇನ್ನೊಂದ್ ಮೆಟ್ಲು ಎತ್ತಿದ್ರೆ ಮದ್ವೆಗ್ ಮುಂಚಿನ್ದೆಲ್ಲ ಆಚೆಗ್ ಬತ್ತದೆ. ಬಾಗ್ಲಲ್ಲೇ ಎಂಡ್ರು ಕುಂತವ್ಳೆ!"