ಟಿವಿಗೆ ಉಡಿ ತುಂಬಿದ ಅತ್ತೆ

ನಮ್ಮ ಸೋದರತ್ತೆಗೆ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಈಗಲೂ ದಾರಿ ತಪ್ಪುತ್ತದೆ. ಆದರೆ ಇಂಗ್ಲೆಂಡಿನ ಯಾವ ಮೈದಾನದಲ್ಲಿ ಹುಲ್ಲು ಜಾರುತ್ತದೆ, ಯಾವುದರಲ್ಲಿ ಸಂಜೆಯ ಬಿಸಿಲು ಗೋಲ್‌ಕೀಪರನ ಕಣ್ಣಿಗೆ ಹೊಡೆಯುತ್ತದೆ, ಯಾವ ಊರಿನ ಜನ ಸೋತರೂ ಹಾಡುತ್ತ ಮನೆಗೆ ಹೋಗುತ್ತಾರೆ ಎಂದು ಕೇಳಿ ನೋಡಿ! ಕುಬಿಹಾಳದ ನಮ್ಮ ಪಡಸಾಲೆಯಲ್ಲಿ ಕುಳಿತು, ಮೊರದಲ್ಲಿ ಅಕ್ಕಿ ಹಸನು ಮಾಡುತ್ತಲೇ ಹೇಳಿಬಿಡುತ್ತಾಳೆ. ಇಂಗ್ಲಿಷ್ ಬಾರದು. ಬರಬೇಕಾದ ಅಗತ್ಯವೂ ಇಲ್ಲ ಎನ್ನುವುದು ಆಕೆಯ ವಾದ. "ಕಣ್ಣಿಗೆ ಕಾಣೂದನ್ನ ಮತ್ತ ಬಾಯಿಲೆ ಯಾಕ ಹೇಳ್ತಾರ? ಪಾಪ, ಅವರಿಗೂ ಪಗಾರ ಆಗಬೇಕಲ್ಲ!"

ಆಕೆ ಅಪ್ಪನ ಅಕ್ಕ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಇಲ್ಲಿಯೇ ಉಳಿದಳು. ಅಪ್ಪ ಅವ್ವ ಹೊಲಕ್ಕೆ ಹೋದರೆ ನನಗೆ ಉಣಿಸಿ, ತಲೆ ಬಾಚಿ, ಶಾಲೆಗೆ ಅಟ್ಟಿದವಳು ಅತ್ತೆಯೇ. ಹಾಗಾಗಿ ಈ ಬರಹದಲ್ಲಿ ಪಕ್ಷಪಾತ ಕಂಡರೆ ಕಂಡುಕೊಳ್ಳಿ. ನಾನೇನು ರೆಫರಿಯೇ?

ಈ ಹುಚ್ಚು ಹತ್ತಿಸಿದವನು ಅಪ್ಪ. ಕ್ರಿಕೆಟ್ ನೋಡಲೆಂದು ಡಿಶ್‌ಗೆ ಆಟದ ಚಾನೆಲ್ಲುಗಳನ್ನೆಲ್ಲ ಹಾಕಿಸಿದ್ದ. ಅತ್ತೆ ಒಂದು ದಿನ ಅವನ ಬಾಜೂಕ್ಕೆ ಕುಳಿತು ನೋಡಿದಳು. ಒಂದು ಮೊರ ಅಕ್ಕಿ ಹಸನಾಯಿತು. ಆಮೇಲೆ ತಡೆಯಲಾಗಲಿಲ್ಲ.

"ಇದೇನ ಆಟೋ ತಮ್ಮಾ! ಮುಂಜಾನಿಂದ ನಿಂತಾರ. ನಡುವ ಊಟಾ ಮಾಡ್ತಾರ, ಚಾ ಕುಡೀತಾರ, ಮತ್ತ ಬಂದು ನಿಂದರ್ತಾರ. ನಮ್ಮ ಹೊಲಕ್ಕ ಹಿಂತಾ ಆಳು ಬಂದ್ರ ನೀ ಇಟಗೊಂತೀಯೇನ?"

ಅಪ್ಪ ಸಿಟ್ಟಿನಿಂದ ರಿಮೋಟ್ ಒತ್ತಿದ. ಫುಟ್‌ಬಾಲ್ ಬಂತು. ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು. "ಹಾಂ! ಇವು ನೋಡು ದುಡಿಯೂ ಹುಡುಗ್ರು!" ಅಂದಿನಿಂದ ರಿಮೋಟು ಅಪ್ಪನ ಕೈಗೆ ಮರಳಿಲ್ಲ.

ಕ್ಲಬ್ಬುಗಳ ಹೆಸರು ನಾಲಿಗೆಗೆ ಹೊರಳದ ಕಾರಣ ಆಕೆಯೇ ಎಲ್ಲರಿಗೂ ನಾಮಕರಣ ಮಾಡಿದಳು. ತನ್ನ ತಂಡ ಕೆಂಪಂಗಿಯವರು. ಅವರ ಹಗೆಗಳು ನೀಲಂಗಿಯವರು. ಯಾರ ಮನೆಯ ಒಳ್ಳೆಯ ಆಟಗಾರ ಕಂಡರೂ ಕೊಂಡುಕೊಂಡು ಹೋಗುವ ದೊಡ್ಡ ಕ್ಲಬ್ಬು 'ಬಿಳಿ ಅಂಗಿ ಸಾವಕಾರರು'. ಕೆಂಪಂಗಿಯವರನ್ನೇ ಯಾಕೆ ಆರಿಸಿದೆ ಎಂದು ಕೇಳಿದ್ದೆ. ಮೊದಲ ದಿನ ಅವರೇ ಸೋಲುತ್ತಿದ್ದರಂತೆ. "ಸೋಲಾವ್ರ ಕಡೆನೂ ಯಾರರ ಒಬ್ಬರು ಕುಂದರಬೇಕಲ್ಲ?" ಅಂದಳು. ಕುಳಿತವಳು ಏಳಲೇ ಇಲ್ಲ. ಅವರೂ ಸೋಲುವುದನ್ನು ಬಿಡಲಿಲ್ಲ!

ನೀಲಂಗಿಯವರಿಗೂ ಕುಬಿಹಾಳದಲ್ಲಿ ಒಬ್ಬ ಅಭಿಮಾನಿ ಇದ್ದಾನೆ. ಎದುರು ಮನೆಯ ದರ್ಜಿ ಚಾಚಾ. ಹೊಲಿಗೆ ಯಂತ್ರದ ಮೇಲೆ ಮೊಬೈಲು ಒರಗಿಸಿಟ್ಟು ನೋಡುತ್ತಾನೆ. ಅವನ ಕಷ್ಟವೇನೆಂದರೆ, ನಮ್ಮ ಡಿಶ್‌ನಲ್ಲಿ ಬಂದ ಗೋಲು ಅವನ ಮೊಬೈಲಿಗೆ ತಡವಾಗಿ ತಲುಪುತ್ತದೆ. ಇಲ್ಲಿ ಅತ್ತೆ "ಹೊಡದ!" ಎಂದು ಚೀರಿದಾಗ ಅಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಇರುತ್ತದೆ.

"ಅಕ್ಕಾರ, ನನ್ನ ಮೊಬೈಲಿನ್ಯಾಗ ಇನ್ನೂ ಹೊಡದಿಲ್ರಿ! ಸ್ವಲ್ಪ ತಡೀರಿ!"

"ತಡ್ಯಾಕ ಅದೇನ ಕುಂದಗೋಳ ಬಸ್ಸೇನೋ?"

ನೀಲಂಗಿಯವರು ಗೋಲು ಹೊಡೆದರೆ ಮಾತ್ರ ಅತ್ತೆ ತುಟಿ ಬಿಚ್ಚುವುದಿಲ್ಲ. ಸಿಟ್ಟಿನಿಂದಲ್ಲ. "ಅವನ ಖುಷಿ ಅವನಿಗ ಮದಲ ಸಿಗಲಿ, ನಾ ಯಾಕ ಕೆಡಸ್ಲಿ?" ಎನ್ನುತ್ತಾಳೆ. ಆದರೆ ಚಾಚಾ ಬಲು ಚತುರ. ಅಷ್ಟು ಹೊತ್ತು ಗದ್ದಲವಿದ್ದ ನಮ್ಮ ಮನೆ ಒಮ್ಮೆಲೇ ಗಪ್ಪಾದರೆ ಸಾಕು, ಯಂತ್ರ ನಿಲ್ಲಿಸಿ, ಕೈಕಟ್ಟಿ, ನಗುತ್ತ ಕಾಯುತ್ತಾನೆ!

ಇನ್ನು ಮ್ಯಾನೇಜರುಗಳ ವಿಷಯ. ಮೈದಾನದ ಅಂಚಿನಲ್ಲಿ ಕೋಟು ಹಾಕಿಕೊಂಡು ಕೂಗಾಡುವವನನ್ನು ಅತ್ತೆ 'ಯಜಮಾನ' ಎನ್ನುತ್ತಾಳೆ. ಆತನನ್ನು ಕ್ಲಬ್ಬಿನವರು ನಡುವರ್ಷದಲ್ಲೇ ತೆಗೆದು ಹಾಕುವುದು ಆಕೆಗೆ ಅಗದಿ ಸೇರುವುದಿಲ್ಲ. ಕೆಂಪಂಗಿಯವರು ಹೊಸ ಯಜಮಾನನನ್ನು ನಾಲ್ಕು ಆಟ ಸೋತನೆಂದು ಓಡಿಸಿದಾಗ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. "ಹೊಸಾ ಸೊಸಿಗೆ ಒಲಿ ಯಾವ ಕಡೆ ಐತಿ ಅನ್ನೂದು ಗೊತ್ತಾಗಾಕನ ತಿಂಗಳ ಬೇಕು. ಇವರು ಸಾರು ಉಪ್ಪಾತು ಅಂತ ತವರಿಗೆ ಕಳಸ್ತಾರ!" ಅವ್ವ ಅಡುಗೆಮನೆಯಿಂದಲೇ ಕೇಳಿದಳು: "ಅಕ್ಕಾ, ನಾ ಬಂದ ಹೊಸದಾಗ ನೀವು ನನ್ನ ಸಾರಿಗೆ ಏನಂದಿದ್ರಿ?" ಅತ್ತೆ ಟಿವಿಯ ದನಿ ಏರಿಸಿದಳು.

ಪ್ರಶಸ್ತಿಗಳ ಬಗ್ಗೆ ಕೇಳಲೇಬೇಡಿ. ವರ್ಷದ ಅತ್ಯುತ್ತಮ ಆಟಗಾರ ಎಂದು ಯಾರಿಗಾದರೂ ಬಹುಮಾನ ಕೊಟ್ಟರೆ ಅತ್ತೆಗೆ ಮೈಯೆಲ್ಲ ಉರಿ. ಅದು ಯಾವಾಗಲೂ ಗೋಲು ಹೊಡೆದವನ ಪಾಲಾಗುತ್ತದೆ! ಅವನ ಕಾಲಿಗೆ ಚೆಂಡು ದಾಟಿಸಿ ಪಾಸು ಕೊಟ್ಟವನು ಎಲ್ಲಿ ಹೋದ? "ಹಿಟ್ಟು ನಾದಿ, ರೊಟ್ಟಿ ಬಡದು, ಸುಟ್ಟಾಕಿ ಒಬ್ಬಾಕಿ. ತಾಟಿಗೆ ನೀಡಿದಾಕಿಗೆ ಹೆಸರು. ಇದ್ಯಾವ ನ್ಯಾಯಬೇ?"

ಈ ಅನ್ಯಾಯ ಸರಿಪಡಿಸಲು ಆಕೆ ತನ್ನದೇ ವಾರ್ಷಿಕ ಪ್ರಶಸ್ತಿ ಸ್ಥಾಪಿಸಿದಳು. ನಮ್ಮ ಮನೆಯಲ್ಲಿ ಸದ್ದಿಲ್ಲದೆ ಪಾಸು ಕೊಟ್ಟವರಿಗೆ ಒಂದು ಹೂವಿನ ಹಾರ, ಒಂದು ಹೋಳಿಗೆ. ಮೊದಲ ವರ್ಷ ಅಪ್ಪ ಬಿಳಿ ಅಂಗಿ ತೊಟ್ಟು ಪಡಸಾಲೆಯಲ್ಲಿ ತಯಾರಾಗಿ ಕುಳಿತಿದ್ದ. ಅತ್ತೆ ಅವನನ್ನು ದಾಟಿಕೊಂಡು ಹಿತ್ತಲಿಗೆ ಹೋಗಿ ಹಾರವನ್ನು ಎಮ್ಮೆಯ ಕೊರಳಿಗೆ ಹಾಕಿದಳು.

"ಮತ್ತ ನಾ? ನಾ ಟ್ರ್ಯಾಕ್ಟರ್ ಹೊಡದದ್ದು ಏನೂ ಅಲ್ಲೇನ?"

"ನೀ ಗೋಲ್ ಹೊಡ್ಯಾಂವ. ನಿನಗ ಊರೆಲ್ಲಾ ಹೆಸರೈತಿ. ಹಾಲು ಕೊಟ್ಟು ಸುಮ್ಮನ ನಿಂದರೂದು ಯಾರು?"

ಎಮ್ಮೆ ಹೋಳಿಗೆಯನ್ನೂ ತಿಂದಿತು, ಹಾರವನ್ನೂ ತಿಂದಿತು. ಅಪ್ಪ ಆ ದಿನ ಹಾಲಿಲ್ಲದ ಚಹಾ ಕುಡಿದು ಪ್ರತಿಭಟಿಸಿದ.

ಆದರೆ ಅತ್ತೆಯ ಹೆಸರು ಊರೆಲ್ಲ ಹಬ್ಬಿದ್ದು ವರ್ಗಾವಣೆಯ ಕಾಲದಲ್ಲಿ. ಆಟಗಾರರು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋಗುವ ಆ ದಿನಗಳಲ್ಲಿ ನಮ್ಮ ಮನೆಗೆ ಸೂತಕದ ಕಳೆ ಇರುತ್ತದೆ. ಕೆಂಪಂಗಿಯವರಲ್ಲಿ ಒಬ್ಬ ಗುಂಗುರು ಕೂದಲಿನ ಹುಡುಗನಿದ್ದ. ಸಣ್ಣವನಿದ್ದಾಗಿನಿಂದ ಅಲ್ಲಿಯೇ ಆಡಿ ಬೆಳೆದವನು. ಅವನನ್ನು ಬಿಳಿ ಅಂಗಿ ಸಾವಕಾರರು ಕೊಂಡುಕೊಂಡರು. ಅವನು ಕೈಬೀಸಿ ಮೈದಾನದಿಂದ ಹೊರಟಿದ್ದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅತ್ತೆ ದಡಬಡ ಎದ್ದಳು.

"ಹೋಗವಲ್ನ್ಯಾಕ, ಬ್ಯಾಡ ಅನ್ನಂಗಿಲ್ಲ. ಆದ್ರ ಉಡಿ ತುಂಬದ ಬರಿಗೈಲೆ ಕಳಸ್ತಾರೇನ?"

ನಮ್ಮ ಕಡೆ ತವರಿನಿಂದ ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ ಹರಸಿ ಕಳಿಸುತ್ತಾರೆ. ಅದು ಉಡಿ ತುಂಬುವುದು. ಅತ್ತೆ ಇದೆಲ್ಲವನ್ನೂ ಹರಿವಾಣದಲ್ಲಿ ತಂದು, ಟಿವಿಯ ಮುಂದೆ ನಿಂತು, ಆ ಹುಡುಗನ ಎದೆಗೆ ಹಿಡಿದು ಬೊಗಸೆ ಬೊಗಸೆ ಅಕ್ಕಿ ಸುರಿದಳು!

ಅವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಕ್ಕಾ, ಗಂಡಸರಿಗೆ ಉಡಿ ತುಂಬ್ತಾರೇನ್ರಿ?"

"ತವರ ಬಿಟ್ಟು ಹೋಗಾವ್ರಿಗೆ ಗಂಡೇನ, ಹೆಣ್ಣೇನ? ಸಂಕಟಾ ಒಂದ."

ತುಂಬುವವರ ಬಗ್ಗೆ ಇನ್ನೊಂದು ಪ್ರಶ್ನೆಯಿತ್ತು. ಅದನ್ನು ಯಾರೂ ಕೇಳಲಿಲ್ಲ. ಅಕ್ಕಿ ಸುರಿದದ್ದಕ್ಕೆ ಮಾತ್ರ ಫಲ ಸಿಕ್ಕಿತು. ಇರುವೆಗಳು ಸಾಲುಗಟ್ಟಿ ಬಂದವು, ವಾರದಲ್ಲಿ ಟಿವಿ ಕಪ್ಪಾಯಿತು. ಕುಂದಗೋಳದಿಂದ ಬಂದ ಮೆಕ್ಯಾನಿಕ್ ಡಿಶ್‌ನ ಡಬ್ಬಿ ಅಲ್ಲಾಡಿಸಿದರೆ ಒಳಗಿನಿಂದ ಅಕ್ಕಿ ಉದುರಿತು. "ಅಮ್ಮಾರ, ಇದಕ್ಕ ರೀಚಾರ್ಜ್ ಮಾಡಿದ್ರ ಸಾಕ್ರಿ, ಊಟಾ ಹಾಕೂದು ಬ್ಯಾಡ್ರಿ" ಎಂದು ಕೈಮುಗಿದು ಹೋದ.

ಹೊಸ ಕ್ಲಬ್ಬಿಗೆ ಹೋದ ಕೆಲವೇ ದಿನಗಳಲ್ಲಿ ಗುಂಗುರು ಕೂದಲಿನ ಹುಡುಗ ಮೊಣಕಾಲು ಮುರಿದುಕೊಂಡ. ಅತ್ತೆ ಬಹಳ ನೊಂದಳು. "ತಪ್ಪು ನಂದ. ಟಿವಿಗೆ ಸೆರಗೆಲ್ಲೈತಿ? ತುಂಬಿದ ಉಡಿ ನೆಲಕ್ಕ ಬಿತ್ತು." "ಹಂಗಾರ ಮುಂದಿನ ಸಲ ಟಿವಿಗೊಂದು ಸೀರಿ ಉಡಸ್ರಿ" ಎಂದು ಅಪ್ಪ ನಕ್ಕ. ಅತ್ತೆ ನಗಲಿಲ್ಲ.

ಹುಡುಗನ ಕಾಲು ಕೂಡಿತು. ಮರುವರ್ಷ ಅವನು ಕೆಂಪಂಗಿಯವರ ಎದುರಿಗೇ ಆಡಲು ಬಂದು ಅವರ ಮೇಲೆಯೇ ಗೋಲು ಹೊಡೆದ. ನಾವೆಲ್ಲ ಅತ್ತೆಯ ಮುಖ ನೋಡಿದೆವು. ಆದರೆ ಅವನು ಕುಣಿಯಲಿಲ್ಲ, ಓಡಲಿಲ್ಲ. ಹಳೆಯ ಜನರ ಕಡೆ ತಿರುಗಿ, ತಪ್ಪಾಯಿತು ಎಂಬಂತೆ ಎರಡೂ ಕೈ ಎತ್ತಿ ಸುಮ್ಮನೆ ನಿಂತ. ತನ್ನ ತಂಡ ಸೋತ ಆ ಸಂಜೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ನೋಡಿದಿಲ್ಲ? ನಮ್ಮ ಅಕ್ಕಿ ಇನ್ನೂ ಅವನ ಮೈಯಾಗ ಐತಿ!"

ಇಷ್ಟು ದಿನ ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಶಲವಡಿಯ ಹುಡುಗನ ಜೊತೆ ನನ್ನ ಮದುವೆಯಾಗಿ, ಗಂಡನ ಮನೆಗೆ ಹೊರಡುವ ದಿನ ಬಂತು. ಅಂದು ನನಗೆ ನಗು ಬರಲಿಲ್ಲ.

ಉಡಿಯ ಅಕ್ಕಿಯನ್ನು ಅತ್ತೆ ಮೂರು ದಿನ ಮೊದಲೇ ಹಸನು ಮಾಡಿಟ್ಟಿದ್ದಳು. ಖಣವನ್ನು ತಾನೇ ಆರಿಸಿ ತಂದಿದ್ದಳು. ಹರಿವಾಣದಲ್ಲಿ ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ಅವ್ವನ ಕೈಗಿತ್ತು, "ಇವತ್ತ ಮ್ಯಾಚ್ ಐತಿ" ಎಂದು ಒಳಕೋಣೆಗೆ ಹೋದಳು. ಮದುವೆಯ ಗದ್ದಲಕ್ಕೆಂದು ಟಿವಿಯನ್ನು ಅಲ್ಲಿ ಸರಿಸಿಟ್ಟಿದ್ದರು. ಮಣೆಯ ಮೇಲೆ ಕುಳಿತ ನನಗೆ ಆಗ ನೆನಪಾಯಿತು. ನಮ್ಮ ಮನೆಗೆ ಬಂದ ಎಷ್ಟು ಹೆಣ್ಣುಮಕ್ಕಳಿಗೆ ಅವ್ವ ಉಡಿ ತುಂಬಿದ್ದಾಳೆ! ಪ್ರತಿ ಸಲವೂ ಹರಿವಾಣ ಜೋಡಿಸಿದವಳು ಅತ್ತೆ. ಪ್ರತಿ ಸಲವೂ ಆ ಹೊತ್ತಿಗೆ ಸರಿಯಾಗಿ ಆಕೆಗೆ ಎಮ್ಮೆಗೆ ನೀರು ಕುಡಿಸುವ ಕೆಲಸ ಬರುತ್ತಿತ್ತು. ಗಂಡನಿಲ್ಲದವಳು ಉಡಿ ತುಂಬಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಾರದಂತೆ ಆಕೆಯೇ ನೋಡಿಕೊಂಡಿದ್ದಳು. ಆಕೆ ಜೀವಮಾನದಲ್ಲಿ ತುಂಬಿದ ಉಡಿ ಒಂದೇ, ಅದೂ ಟಿವಿಯೊಳಗಿನ ಹುಡುಗನಿಗೆ.

ನಾನು ಎದ್ದೆ. "ಎಲ್ಲಿಗೆ ಹೊಂಟಿ? ಹೊತ್ತು ಮೀರತೈತಿ" ಎಂದು ಅಪ್ಪನ ದೊಡ್ಡಮ್ಮ ಗದರಿದಳು. ನಾನು ಒಳಕೋಣೆಗೆ ಹೋದೆ. ಕರೆಂಟು ಇರಲಿಲ್ಲ. ಕಪ್ಪು ಟಿವಿಯ ಮುಂದೆ ಅತ್ತೆ ಖಾಲಿ ಮೊರ ಹಿಡಿದು ಕುಳಿತಿದ್ದಳು.

"ಯಾಕವ್ವಾ, ಏನ ಬೇಕಿತ್ತು?"

ನಾನು ಟಿವಿಗೆ ಅಡ್ಡ ನಿಂತು ಸೆರಗು ಒಡ್ಡಿದೆ. "ಅತ್ತಿ, ಟಿವಿಗೆ ಸೆರಗಿಲ್ಲ ಅಂದಿದ್ದೆಲ್ಲ? ನನಗ ಐತಿ ನೋಡು."

ಆಕೆ ಗಾಬರಿಯಾದಳು. ಬೇಡ, ನಿನಗೆ ಒಳ್ಳೆಯದಾಗುವುದಿಲ್ಲ ಎಂದು ಕೈಯಾಡಿಸಿದಳು. "ನಿಮ್ಮವ್ವ ತುಂಬ್ತಾಳ, ಹೋಗ. ಮಂದಿ ಏನಂದಾರು?" ಹೊರಗೆ ದೊಡ್ಡಮ್ಮ ಅದನ್ನೇ ದೊಡ್ಡ ದನಿಯಲ್ಲಿ ಅನ್ನುತ್ತಿದ್ದಳು. ನಾನು ಸೆರಗು ಬಿಡಲಿಲ್ಲ. ಆಗ ಬಾಗಿಲಲ್ಲಿ ಅವ್ವ ಬಂದು ನಿಂತಳು. ಅತ್ತೆಯ ಕೈಯಿಂದ ಮೊರ ತೆಗೆದಿಟ್ಟು, ಆ ಜಾಗದಲ್ಲಿ ಹರಿವಾಣ ಇಟ್ಟಳು. ಇಷ್ಟು ವರ್ಷ ಪಾಸು ಕೊಟ್ಟವಳಿಗೆ ಆ ದಿನ ಅವ್ವ ಪಾಸು ಕೊಟ್ಟಳು.

ಅತ್ತೆ ಬೊಗಸೆ ತುಂಬಿ ಅಕ್ಕಿ ಹಾಕಿದಳು. ಈ ಸಲ ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಅಕ್ಕಿ, ಕೊಬ್ಬರಿ, ಖಣ ಎಲ್ಲ ನನ್ನ ಸೆರಗಿಗೆ ಬಂದ ಮೇಲೆ, ಗಂಟು ಹಾಕಿ, ಗದ್ದ ಹಿಡಿದೆತ್ತಿದಳು. ಹರಸುವ ಮಾತು ಆಕೆಗೆ ರೂಢಿ ಇರಲಿಲ್ಲ. ಗೊತ್ತಿದ್ದದ್ದನ್ನೇ ಹೇಳಿದಳು.

"ಹೊಸಾ ಕ್ಲಬ್ಬಿನ್ಯಾಗ ಚೊಲೋ ಆಡು. ಯಜಮಾನ್ರು ಬೈದ್ರ ಮಾರಿ ಸಣ್ಣ ಮಾಡಬ್ಯಾಡ. ಮತ್ತ ಒಂದ ಮಾತು ನೆನಪಿಡು ಮಗಳ... ನಮ್ಮ ಎದುರಿಗೆ ಗೋಲ್ ಹೊಡದ್ರ, ಕುಣೀಬ್ಯಾಡ."

ಈಗ ತವರಿಗೆ ಹೋದಾಗ ಅವ್ವನ ಜೊತೆ ವಾದಕ್ಕೆ ಬಿದ್ದು ಗೆದ್ದುಬಿಡುವುದುಂಟು. ಗೆದ್ದ ಕೂಡಲೇ ನಾನು ಪಡಸಾಲೆಯ ನಡುವೆ ಎರಡೂ ಕೈ ಎತ್ತಿ ಸುಮ್ಮನೆ ನಿಲ್ಲುತ್ತೇನೆ. ಟಿವಿಯ ಮುಂದೆ ಕುಳಿತ ಅತ್ತೆ ಮೊರ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾಳೆ.